ಸುರುಳಿ ಬಿದ್ದ ಲೆದರ್ ಕಾರ್ಡ್ ನೆಟ್ಟಗ ಮಾಡೋದು ಹೆಂಗ

ನಾ ಬಾಗಲಕೋಟಿ ನವನಗರದಾಕಿ. ಗುಳೇದಗುಡ್ಡದ ಖಣದಾಗ, ಅಂದ್ರ ಕುಪ್ಪಸದ ಅರಿವ್ಯಾಗ, ಸಣ್ಣ ಸಣ್ಣ ಚಂಚಿ ಹೊಲಿತೀನಿ, ಅದರ ಬಾಯಿ ಎಳಿಯಾಕ 2 ಎಂಎಂ ದಪ್ಪದ ಲೆದರ್ ಕಾರ್ಡ್, ಅಂದ್ರ ತೊಗಲಿನ ದಾರ, ಹಾಕ್ತೀನಿ, ಅದ ಕಾರ್ಡಿನಾಗ ಪೆಂಡೆಂಟ್ ಪೋಣಿಸಿ ಸರಾನೂ ಮಾಡ್ತೀನಿ. ಈ ಕೆಲಸಕ್ಕ ಕೈ ಹಾಕಿದವರಿಗೆಲ್ಲಾ ಮೊದಲ ದಿನಾನ ಬರೋ ತಕರಾರು ಒಂದ, ಕಾರ್ಡ್ ರೀಲಿನಿಂದ ಬಿಚ್ಚಿದ್ರ ನೆಟ್ಟಗ ಇರಂಗಿಲ್ಲ, ಸ್ಪ್ರಿಂಗಿನಂಗ ಸುತ್ತಕೊಂತ ಹೋಗತೈತಿ. ಚಂಚಿಗೆ ಹಾಕಿದ್ರ ಎರಡೂ ತುದಿ ಮ್ಯಾಲ ಎದ್ದ ನಿಲ್ಲತಾವ, ಸರಾ ಮಾಡಿದ್ರ ಪೆಂಡೆಂಟ್ ಎದಿ ಮ್ಯಾಲ ನೆಟ್ಟಗ ಕುಂದ್ರಂಗಿಲ್ಲ, ಮಗ್ಗಲಕ್ಕ ಹೊರಳತೈತಿ. ರೀಲಿನ ಒಳಗಿನ ಸುತ್ತಿನ ಕಾರ್ಡ್ ಅಂತೂ ಇನ್ನೂ ಹಠಾ ಹಿಡದಿರತೈತಿ, ಯಾಕಂದ್ರ ಅದು ಸಣ್ಣ ಸುತ್ತಿನಾಗ ಭಾಳ ದಿನ ಬಿಗದು ಕುಂತಿರತೈತಿ.

ಬಹಳ ಮಂದಿ ಮಾಡೋದು ಎರಡ, ಒಂದ ಎರಡೂ ಕೈಲೆ ಜಗ್ಗೋದು, ಇಲ್ಲಾಂದ್ರ ಬಿಸಿ ಮಾಡೋದು. ಜಗ್ಗಿದ್ರ ಒಂದು ತಾಸು ನೆಟ್ಟಗ ಇದ್ದಂಗ ಕಾಣತೈತಿ, ಆಮ್ಯಾಲ ತಿರಗಿ ಸುತ್ತಕೊಂತೈತಿ. ಬಿಸಿ ಮಾಡಿದ್ರ ಕೆಡೋದ ಜಾಸ್ತಿ. ನಾ ಹೇಳೋದು ಇಷ್ಟ ರೀ, ತೊಗಲು ನೆಟ್ಟಗ ಆಗೋದು ತೊಯ್ಯೋವಾಗ ಅಲ್ಲ, ಒಣಗೋವಾಗ. ಹಸಿ ಇದ್ದಾಗ ಅದು ಯಾವ ಆಕಾರಕ್ಕರ ಬಾಗತೈತಿ, ಒಣಗೋವಾಗ ಹೆಂಗ ಹಿಡದಿರತೀರಿ ಅದ ಆಕಾರಕ್ಕ ಕುಂದ್ರತೈತಿ. ಅದಕ್ಕ ಸ್ವಲ್ಪ ತೇವ ಕೊಡ್ರಿ, ಸಣ್ಣ ಭಾರ ಕಟ್ಟಿ ತೂಗ ಹಾಕ್ರಿ, ಪೂರ್ತಿ ಒಣಗೋತನಕ ಮುಟ್ಟಬ್ಯಾಡ್ರಿ.

ಇದನ್ನ ನಾ ಕಲಿತದ್ದು ಮಾಲು ಕೆಡಸಿಕೊಂಡ ಮ್ಯಾಲ. ಒಬ್ಬರ ಮನಿ ಮದುವಿಗೆ 20 ಚಂಚಿ ಮಾಡಿಕೊಡೋದಿತ್ತು, ಟೈಮ್ ಇದ್ದಿಲ್ಲ, ಯಾರೋ ಹೇಳಿದ್ರು ಬಿಸಿನೀರಾಗ ಅದ್ದಿ ಜಗ್ಗು ನೆಟ್ಟಗ ಆಗತೈತಿ ಅಂತ. ಒಲಿ ಮ್ಯಾಲಿನ ಕುದಿಯೋ ನೀರಿಗೇ ಕಾರ್ಡ್ ಬಿಟ್ಟೆ. ಕಣ್ಣ ಮುಂದ ಅದು ಮುದ್ದಿ ಆದಂಗ ಮುದುಡಿತು, ಹೊರಗ ತಗದ್ರ ಮೀಟರ್ ಇದ್ದದ್ದು ಮೀಟರ್ ಉಳದಿದ್ದಿಲ್ಲ, ಒಣಗಿದ ಮ್ಯಾಲ ಒಣ ಕಡ್ಡಿ ಹಂಗ ಆತು, ಬಗ್ಗಿಸಿದ್ರ ಬಿರುಕು. ಇಡೀ ರೀಲ್ ಹೋತು. ಆವಾಗ ಪ್ಯಾಟ್ಯಾಗ ಚಪ್ಪಲಿ ಹೊಲಿಯೋ ಕಾಕಾನ ಹಂತೇಕ ತಗೊಂಡು ಹೋಗಿ ತೋರಿಸಿದೆ. ಕೈಯಾಗ ಹಿಡದು ಒಮ್ಮಿ ಬಗ್ಗಿಸಿ ನೋಡಿದ್ರು, "ತೊಗಲಿಗೆ ನೀರು ಕುಡಸಬೇಕು ತಂಗಿ, ಕುದಸಬಾರದು" ಅಂದ್ರು. ಆಮ್ಯಾಲ ಮುಂದಿಟ್ಟಿದ್ದ ಅಟ್ಟೀನ ನೀರಾಗ ಅದ್ದಿ ತಗದು, ಅರಿವ್ಯಾಗ ಸುತ್ತಿ ಮಗ್ಗಲಕ್ಕ ಇಟ್ಟು, ಬ್ಯಾರೆ ಕೆಲಸ ಮಾಡಕೊಂತ ಕುಂತ್ರು. ಅದನ್ನ ನೋಡಿನ ನಾ ಅರ್ಧ ಕಲತೆ.

ಯಾಕ ಹಿಂಗ ಆಗತೈತಿ ಅಂದ್ರ, ತೊಗಲಂದ್ರ ಕೊಲಾಜೆನ್ ಅನ್ನೋ ಪ್ರೋಟೀನಿನ ಎಳಿ, ಒಂದರಾಗ ಒಂದು ಹೆಣಕೊಂಡಿರತಾವ. ನೀರು ಒಳಗ ಹೋದ್ರ ಎಳಿ ಎಳಿ ನಡುವಿನ ಹಿಡಿತ ಸಡಲತೈತಿ, ಎಳಿಗಳು ಸ್ವಲ್ಪ ಸರದಾಡತಾವ. ನೀರು ಹೋಗಿ ಒಣಗಿದ ಮ್ಯಾಲ ಹೊಸ ಜಾಗದಾಗ ಮತ್ತ ಹಿಡಕೊಂತಾವ. ಆದ್ರ ಹಸಿ ತೊಗಲಿಗೆ ಬಿಸಿ ಜಾಸ್ತಿ ಆತಂದ್ರ ಎಳಿನ ಕುಗ್ಗಿ ಹೋಗತಾವ, ಅದು ತಿರಗಿ ಬರೋದಲ್ಲ. ತೊಗಟಿ ಹಾಕಿ ಹದ ಮಾಡಿದ ತೊಗಲು ಹಸಿ ಇದ್ದಾಗ ಸುಮಾರು 70ರಿಂದ 85 ಡಿಗ್ರಿ ಒಳಗನ ಕುಗ್ಗಾಕ ಚಾಲೂ ಮಾಡತೈತಿ, ಕುದಿಯೋ ನೀರು 100 ಡಿಗ್ರಿ, ಹಂಗಾಗಿ ನನ್ನ ಕಾರ್ಡ್ ಉಳಿಯೋ ಮಾತ ಇದ್ದಿಲ್ಲ. ಒಣ ತೊಗಲು ಇದಕ್ಕಿಂತ ಜಾಸ್ತಿ ಬಿಸಿ ತಡಕೊಂತೈತಿ, ಹಸಿದು ತಡಕೊಳ್ಳಂಗಿಲ್ಲ. ಇದೊಂದು ನೆನಪ ಇಟಗೊಂಡ್ರ ಅರ್ಧ ಮಾಲು ಉಳಿತೈತಿ.

ಕೆಲಸಕ್ಕ ಹತ್ತೋಕಿಂತ ಮೊದಲ ನಿಮ್ಮ ಕೈಯಾಗ ಇರೋದು ಖರೇವಂದ್ರೂ ತೊಗಲ ಏನು ಅಂತ ನೋಡ್ರಿ. ಲೆದರ್ ಕಾರ್ಡ್ ಅಂತ ಮಾರೋದ್ರಾಗ ಮೂರ್ನಾಕು ನಮೂನಿ ಬರತಾವ. ತುದಿ ಒಂದು ಚೂರು ಬ್ಲೇಡಿಲೆ ಅಡ್ಡ ಕತ್ತರಿಸಿ ಬೆಳಕಿಗೆ ಹಿಡೀರಿ. ಒಳಗ ಕಂದು ಬಣ್ಣ, ಸಣ್ಣ ಸಣ್ಣ ಎಳಿ ಕಂಡ್ರ ಅದು ತೊಗಟಿ ಹದದ್ದು, ಅಂದ್ರ ವೆಜ್ ಟ್ಯಾನ್. ಒಳಗ ಬೂದಿ ಬಣ್ಣ ಇಲ್ಲಾ ತೆಳು ನೀಲಿ ಛಾಯೆ ಇದ್ರ ಬಹಳ ಮಾಡಿ ಕ್ರೋಮ್ ಟ್ಯಾನ್, ಅಂದ್ರ ಕ್ರೋಮಿಯಂ ಉಪ್ಪು ಹಾಕಿ ಹದ ಮಾಡಿದ್ದು. ಒಳಗ ಬಿಳಿ ದಾರ ಇದ್ದು ಮ್ಯಾಲ ಪ್ಲಾಸ್ಟಿಕ್ ಸಿಪ್ಪಿ ಇದ್ರ ಅದು ಪಿಯು, ತೊಗಲಲ್ಲ. ನೇಯ್ಗಿ ಕಂಡ್ರ ಮೇಣ ಹಚ್ಚಿದ ಹತ್ತಿ ದಾರ. ಇನ್ನೂ ಡೌಟ್ ಇದ್ರ ಅರ್ಧ ಸೆಂಟಿಮೀಟರ್ ತುಂಡನ್ನ ಇಕ್ಕಳದಾಗ ಹಿಡದು ಕಡ್ಡಿ ಗೀರಿ ಸುಡ್ರಿ, ತೊಗಲಾದ್ರ ಕೂದಲ ಸುಟ್ಟ ವಾಸನಿ ಬರತೈತಿ, ಕರಗಿ ಹನಿ ಹನಿ ಆತಂದ್ರ ಪ್ಲಾಸ್ಟಿಕ್.

ನಮ್ಮ ಕಡೆ ಮಂದಿಗೆ ವೆಜ್ ಟ್ಯಾನ್ ಹೊಸಾದೇನಲ್ಲ, ಹೆಸರ ಹೊಸಾದು ಅಷ್ಟ. ಅಥಣಿ ಕಡೆ, ನಿಪ್ಪಾಣಿ ಕಡೆ ಮಾಡೋ ಕೊಲ್ಹಾಪುರಿ ಚಪ್ಪಲಿ ಇರೋದು ಜಾಲಿ ತೊಗಟಿ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲಿನಾಗ. 2019ರಾಗ ಆ ಚಪ್ಪಲಿಗೆ ಜಿಐ ಟ್ಯಾಗ್ ಸಿಕ್ಕಾಗ ಮಹಾರಾಷ್ಟ್ರದ ನಾಕು ಜಿಲ್ಲಾದ ಜೋಡಿ ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ, ಧಾರವಾಡಾನೂ ಅದರಾಗ ಬಂದಾವ. ಹಂಗಾಗಿ ಈ ತೊಗಲಿನ ಗುಣ ಗೊತ್ತಿರೋ ಹಿರ್ಯಾರು ನಮ್ಮ ಊರಾಗ ಇನ್ನೂ ಅದಾರ. ಇಂಟರ್ನೆಟ್ಟಿನಾಗ ಹುಡಕೋಕಿಂತ ಮೊದಲ ಅವರ ಹಂತೇಕ ಹೋಗಿ ಕುಂದ್ರೋದು ಚಲೋ ಅಂತ ನನಗ ಅನಸತೈತಿ.

ಇನ್ನ ಬಣ್ಣ. ಬಿಳಿ ಅರಿವಿ ತೋಯಿಸಿ ಕಾರ್ಡಿನ ಒಂದು ತುದಿ ಗಟ್ಟಿ ಒರಸ್ರಿ. ಕರಿ, ಕೆಂಪು, ಕಡು ನೀಲಿ ಇವು ಬಹಳ ಸಲ ಬಣ್ಣ ಬಿಡತಾವ. ಸ್ವಲ್ಪ ಬಿಟ್ರ ನಡೀತೈತಿ, ಅರಿವಿ ಪೂರಾ ಬಣ್ಣ ಆತಂದ್ರ ನೀರು ಇನ್ನೂ ಕಮ್ಮಿ ಮಾಡ್ರಿ, ಒಣಗಿದ ಮ್ಯಾಲ ಒಣ ಅರಿವಿಲೆ ಮೂರ್ನಾಕು ಸಲ ತಿಕ್ಕಿ ತಗೀರಿ. ಖಣದ ಅಂಚಿಗೆ ಒಮ್ಮಿ ಕೆಂಪು ಇಳೀತಂದ್ರ ಹೋಗಂಗಿಲ್ಲ ರೀ, ಅದಕ್ಕ ಇಷ್ಟ ಒತ್ತಿ ಹೇಳಾತೇನಿ.

ಈಗ ವೆಜ್ ಟ್ಯಾನ್ ಗುಂಡು ಕಾರ್ಡಿಗೆ ನಾ ಮಾಡೋ ರೀತಿ ಹೇಳತೇನಿ. ಮೊದಲ ಬೇಕಾದಷ್ಟು ಉದ್ದ ಕತ್ತರಿಸಿಕೊಳ್ರಿ, ಆದ್ರ ಎರಡೂ ಕಡೆ ಮೂರು ಮೂರು ಸೆಂಟಿಮೀಟರ್ ಜಾಸ್ತಿ ಬಿಡ್ರಿ, ಯಾಕಂದ್ರ ಕ್ಲಿಪ್ ಹಿಡದ ಜಾಗ ಚಪ್ಪಟಿ ಆಗತೈತಿ, ಅದನ್ನ ಆಮ್ಯಾಲ ಕತ್ತರಿಸಿ ಒಗಿಯೋದು. ಒಂದು ಮೀಟರ್, ಒಂದೂವರಿ ಮೀಟರಿನ ತುಂಡು ಚಲೋ, ಅದಕ್ಕಿಂತ ಉದ್ದ ಆದ್ರ ತೂಗ ಹಾಕಾಕ ಮನ್ಯಾಗ ಜಾಗ ಸಿಗಂಗಿಲ್ಲ. ಕಾರ್ಡ್ ಉದ್ದಕ್ಕೂ ಬೆರಳಾಡಿಸಿ ಜೋಡ ಎಲ್ಲರ ಐತೇನು ನೋಡ್ರಿ, ರೀಲಿನ ಕಾರ್ಡಿನಾಗ ಓರೆ ಕತ್ತರಿಸಿ ಅಂಟ ಹಚ್ಚಿ ಕೂಡಿಸಿದ ಜಾಗ ಇರತಾವ, ಅಲ್ಲಿ ಸ್ವಲ್ಪ ದಪ್ಪ ಇಲ್ಲಾ ಗಟ್ಟಿ ಹತ್ತತೈತಿ. ಅಂಥಾದು ಇದ್ರ ಅಲ್ಲೇ ಕತ್ತರಿಸಿಬಿಡ್ರಿ, ತೊಯ್ದು ಭಾರ ಬಿದ್ರ ಮೊದಲ ಹರಿಯೋದು ಅದ.

ಹಳೇ ಹತ್ತಿ ಪಂಜಿ ತಗೋರಿ, ನಾಕು ಮಡಚಿ, ಉಗುರು ಬೆಚ್ಚನ್ನ ನೀರಾಗ ಅದ್ದಿ, ಒಂದು ಹನಿನೂ ಬೀಳದಂಗ ಹಿಂಡ್ರಿ. ನೀರು ಕೂಸಿಗೆ ಎರಿಯೋ ನೀರಿಗಿಂತ ಬಿಸಿ ಇರಬಾರದು. ಪಂಜಿ ನಡುವ ಕಾರ್ಡ್ ಇಟ್ಟು, ಎಡಗೈಲೆ ಒತ್ತಿ ಹಿಡದು, ಬಲಗೈಲೆ ಸಾವಕಾಶ ಎಳಕೊಂತ ಹೋಗ್ರಿ, ಮೂರ್ನಾಕು ಸಲ. ಕಾರ್ಡಿನ ಬಣ್ಣ ಒಂದು ಛಾಯಾ ಕಡು ಆಗತೈತಿ, ಬೆರಳಿಗೆ ತಣ್ಣಗ ಹತ್ತತೈತಿ, ಆದ್ರ ಕೈಗೆ ನೀರು ಹತ್ತಬಾರದು. ಅಷ್ಟಾದ್ರ ಸಾಕು. ಆಮ್ಯಾಲ ಅದನ್ನ ಸಡಲಾಗಿ ಮಡಚಿ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿಯೊಳಗ ಹತ್ತು ಹದಿನೈದು ನಿಮಿಷ ಇಡ್ರಿ. ಚಪಾತಿ ಕಣಕ ನಾದಿ ಮುಚ್ಚಿ ಇಡತೀವಲ್ಲ, ಅದ ಲೆಕ್ಕ, ಮ್ಯಾಲಿನ ತೇವ ಒಳಗಿನ ತನಕ ಸಮಾ ಇಳೀಬೇಕು. ಈ ಹತ್ತು ನಿಮಿಷ ಬಿಟ್ರ ಮ್ಯಾಲ ಹಸಿ ಒಳಗ ಒಣ ಉಳಿತೈತಿ, ಒಳಗಿನ ಒಣ ಎಳಿ ಮತ್ತ ಸುರುಳಿ ಕಡೆನ ಜಗ್ಗತೈತಿ.

ಈಗ ತೂಗ ಹಾಕೋದು. ಕಿಡಕಿ ಸಳಿಗರ, ಬಾಗಲದ ಮ್ಯಾಲಿನ ಮಳಿಗರ, ಅರಿವಿ ಒಣಗಿಸೋ ಪ್ಲಾಸ್ಟಿಕ್ ಇಲ್ಲಾ ಕಟಗಿ ಕ್ಲಿಪ್ಪಿಲೆ ಸಿಗಸ್ರಿ, ಕ್ಲಿಪ್ ಸಡಲ ಅನಸಿದ್ರ ಕಾರ್ಡನ್ನ ಒಮ್ಮಿ ಮಡಚಿ ಸಿಗಸ್ರಿ. ಕೆಳಗಿನ ತುದಿಗೆ ಭಾರ. ಇಲ್ಲೊಂದು ಖಬರ ಇರಲಿ, ಕಬ್ಬಿಣದ ಕ್ಲಿಪ್, ತಂತಿ, ಮಳಿ ಹಸಿ ವೆಜ್ ಟ್ಯಾನ್ ತೊಗಲಿಗೆ ನೇರ ಹತ್ತಸಬ್ಯಾಡ್ರಿ. ತೊಗಟಿಯೊಳಗಿನ ಟ್ಯಾನಿನ್ನಿಗೂ ಕಬ್ಬಿಣಕ್ಕೂ ನೀರು ಕೂಡಿತಂದ್ರ ಕರಿ ಕಲಿ ಬೀಳತೈತಿ. ಅಳಲೆಕಾಯಿ ರಸಕ್ಕ ಕಬ್ಬಿಣ ಹಾಕಿ ಹಿಂದಿನ ಕಾಲದಾಗ ಮಸಿ ಮಾಡತಿದ್ರಲ್ಲ, ಅದ ಆಟ ಇದು. ನಾ ಒಂದ್ಸಲ ಪೇಪರಿಗೆ ಹಾಕೋ ಕರಿ ಬೈಂಡರ್ ಕ್ಲಿಪ್ ಹಾಕಿ ರಾತ್ರಿ ಬಿಟ್ಟಿದ್ದೆ, ಕ್ಲಿಪ್ಪಿನ ಬಣ್ಣ ಕೆತ್ತಿ ಕಬ್ಬಿಣ ಕಂಡ ಜಾಗಕ್ಕ ಸರಿಯಾಗಿ, ತೆಳು ಕಂದು ಕಾರ್ಡಿನ ಮ್ಯಾಲ ಸಾಸಿವಿ ಕಾಳಿನಷ್ಟು ನೀಲಿಗಪ್ಪು ಚುಕ್ಕಿ ಬಿದ್ದಿತ್ತು, ಏನು ತಿಕ್ಕಿದ್ರೂ ಹೋಗಲಿಲ್ಲ. ಕಬ್ಬಿಣದ ಕ್ಲಿಪ್ ಬಿಟ್ರ ಬ್ಯಾರೆ ಇಲ್ಲ ಅಂದ್ರ ನಡುವ ಪ್ಲಾಸ್ಟಿಕ್ ಹಾಳಿ ಮಡಚಿ ಇಡ್ರಿ.

ಭಾರಕ್ಕ ನಾ ಕುಡಿಯೋ ನೀರಿನ ಖಾಲಿ ಬಾಟಲಿ ಬಳಸತೇನಿ. ನೀರಿನ ಲೆಕ್ಕ ಸರಳ, ಎಷ್ಟು ಎಂಎಲ್ ನೀರೋ ಅಷ್ಟ ಗ್ರಾಂ ತೂಕ. 1 ಎಂಎಂ ಕಾರ್ಡಿಗೆ 50 ಗ್ರಾಂ ಸಾಕು, 1.5 ಎಂಎಂಗೆ 100ರಿಂದ 150, 2 ಎಂಎಂಗೆ 200ರಿಂದ 250, 3 ಎಂಎಂ ಇದ್ರ 400, 500 ತನಕ ಹೋಗಬಹುದು. ಇದು ನನ್ನ ಕೈಯಾಗ ನಡದಿರೋ ಲೆಕ್ಕ, ನಿಮ್ಮ ಕಾರ್ಡ್ ಮೆತ್ತಗ ಇದ್ರ ಇನ್ನೂ ಕಮ್ಮಿ ಇಟ್ಟು ನೋಡ್ರಿ. ಭಾರ ಜಾಸ್ತಿ ಆದ್ರ ಜಲ್ದಿ ನೆಟ್ಟಗ ಆಗತೈತಿ ಅನ್ನೋದು ತಪ್ಪು ತಿಳವಳಿಕಿ. ಹಸಿ ತೊಗಲು ಜಗ್ಗಿದಷ್ಟು ಉದ್ದ ಆಗತೈತಿ, ಉದ್ದ ಆದಷ್ಟು ತೆಳ್ಳಗ ಆಗತೈತಿ, ಆಮ್ಯಾಲ ನೀವು ಹಾಕಬೇಕಂದಿದ್ದ ಮಣಿ, ತುದಿಗೆ ಹಾಕೋ ಎಂಡ್ ಕ್ಯಾಪ್ ಸಡಲ ಬೀಳತಾವ. ಸುರುಳಿ ಬಿಚ್ಚೋವಷ್ಟ ಭಾರ ಬೇಕು, ತೊಗಲು ಹಿಗ್ಗೋವಷ್ಟಲ್ಲ.

ಬಾಟಲಿ ಕಟ್ಟಿ ಬಿಟ್ಟ ಕೂಡ್ಲೆ ಅದು ತನ್ನಷ್ಟಕ್ಕ ತಾ ತಿರಗಾಕ ಹತ್ತತೈತಿ ನೋಡ್ರಿ, ಹಿಂದ ಮುಂದ ಸಾವಕಾಶ. ಅದನ್ನ ತಡೀಬ್ಯಾಡ್ರಿ. ಕಾರ್ಡಿನಾಗ ಸುರುಳಿ ಜೋಡಿ ಹುರಿನೂ ಇರತೈತಿ, ಆ ಹುರಿ ಬಿಚ್ಚೋದು ಹಂಗ ತಿರಗಿನ. ಅದಕ್ಕ ಎರಡೂ ತುದಿ ಮಳಿಗೆ ಬಿಗದು ಕಟ್ಟೋಕಿಂತ ಒಂದು ತುದಿ ಬಿಟ್ಟು ಭಾರ ಕಟ್ಟೋದು ಪಾಡ. ತಿರಗೋದು ನಿಂತ ಮ್ಯಾಲ ಹೆಬ್ಬೆರಳು ತೋರುಬೆರಳ ನಡುವ ಹಿಡದು ಮ್ಯಾಲಿಂದ ಕೆಳಗ ಎರಡು ಸಲ ಸವರ್ರಿ, ಎಲ್ಲೆಲ್ಲಿ ಗೇಣಿಗೊಂದು ಸಣ್ಣ ಡೊಂಕು ಉಳದಿರತೈತಿ ಅಲ್ಲಿ ಬೆರಳಿಗೇ ಗೊತ್ತಾಗತೈತಿ, ಅದರ ಉಲ್ಟಾ ದಿಕ್ಕಿಗೆ ಸ್ವಲ್ಪ ಬಗ್ಗಿಸಿ ಬಿಡ್ರಿ. ಆಮ್ಯಾಲ ಕೈ ತಗದುಬಿಡ್ರಿ.

ಒಣಗೋದು ನೆಳ್ಳಾಗ, ಗಾಳಿ ಆಡೋ ಕಡೆ. ನಮ್ಮ ಬಾಗಲಕೋಟಿ, ವಿಜಯಪುರ ಬ್ಯಾಸಗ್ಯಾಗ 40 ಡಿಗ್ರಿ ಬಿಸಲು, ಹೊರಗ ಹಾಕಿದ್ರ ಅರ್ಧ ತಾಸಿನ್ಯಾಗ ಒಣಗತೈತಿ ಅಂತ ಆಸೆ ಆಗತೈತಿ, ಬ್ಯಾಡ. ಮ್ಯಾಲಿನ ಪದರ ಸಟ್ಟನ ಒಣಗಿ ಬಿರಸಾಗತೈತಿ, ಬಣ್ಣಾನೂ ಮಾಸತೈತಿ. ಒಳಗ ಕ್ವಾಣ್ಯಾಗ ಫ್ಯಾನ್ ಇಲ್ಲದನ ಬಿಟ್ರ ಬ್ಯಾಸಗ್ಯಾಗ ಒಂದು ರಾತ್ರಿ ಸಾಕು. ಬೆಳಗಾವಿ ಮಳಿಗಾಲದ ಕಥಿನ ಬ್ಯಾರೆ. ನನ್ನ ತವರಮನಿ ಬೆಳಗಾವ್ಯಾಗ ಐತಿ, ಜುಲೈದಾಗ ಅಲ್ಲಿ ಅರಿವಿನ ಮೂರು ದಿನ ಒಣಗಂಗಿಲ್ಲ, ಇನ್ನ ತೊಗಲೇನು ಒಣಗೀತು. ಅಲ್ಲಿ ಎರಡು ದಿನ ಪೂರ್ತಿ ಬಿಡ್ರಿ, ಫ್ಯಾನ್ ಸಣ್ಣಗ ಹಚ್ಚಿಡ್ರಿ, ನೀರೂ ಇನ್ನೂ ಕಮ್ಮಿ ಹಚ್ಚರಿ, ಇಲ್ಲಾಂದ್ರ ಬಿಳಿ ಬೂಷ್ಟು ಬರತೈತಿ. ಒಣಗೇತೋ ಇಲ್ಲೋ ಅನ್ನೋದು ಹೆಂಗ ತಿಳಿಯೋದಂದ್ರ, ಗಲ್ಲಕ್ಕ ಹಚ್ಚಿ ನೋಡ್ರಿ, ತಣ್ಣಗ ಹತ್ತಿದ್ರ ಒಳಗ ಇನ್ನೂ ತೇವ ಐತಿ. ತಣ್ಣಗ ಇರೋವಾಗ ಭಾರ ಬಿಚ್ಚಿದ್ರಿ ಅಂದ್ರ ಇಷ್ಟೊತ್ತು ಮಾಡಿದ್ದೆಲ್ಲಾ ನೀರಾಗ ಹೋದಂಗ. ಚಂಚಿಗೆ, ಸರಕ್ಕ ಬೇಕಾದ ಅಳತಿ ತಗೋಳೋದೂ ಒಣಗಿದ ಮ್ಯಾಲನ, ಹಸಿ ಇದ್ದಾಗ ಅಲ್ಲ, ಯಾಕಂದ್ರ ಒಣಗಿದ ಮ್ಯಾಲ ಉದ್ದ ಸ್ವಲ್ಪ ಕಮ್ಮಿ ಆಗತೈತಿ.

ಸುರುಳಿ ಭಾಳ ಇಲ್ಲ, ಬರೇ ಸ್ವಲ್ಪ ಬಾಗೇತಿ ಅಂದ್ರ ಇಷ್ಟೆಲ್ಲಾ ಬ್ಯಾಡ. ಒಣ ಅರಿವ್ಯಾಗ ಹಿಡದು ಹತ್ತು ಹದಿನೈದು ಸಲ ಜೋರಾಗಿ ಸವರಿದ್ರ ತಿಕ್ಕಾಟದ ಬಿಸಿಗೇ ಮೆತ್ತಗಾಗಿ ಬಿಚ್ಚಕೊಂತೈತಿ, ಅರಿವಿಗೆ ಬಣ್ಣ ಇಲ್ಲದ ಶೂ ಕ್ರೀಮ್ ಸಣ್ಣಗ ಹಚ್ಚಿಕೊಂಡ್ರ ಇನ್ನೂ ಚಲೋ. ಕೈಗೆ ಕಟ್ಟೋ ಬ್ರೇಸ್ಲೆಟ್ ಮಾಡೋರು ಇಷ್ಟೂ ಮಾಡೋದು ಬ್ಯಾಡ, ಹೆಂಗೂ ಮಣಿಕಟ್ಟಿಗೆ ಸುತ್ತೋದು, ಅದ ಬಾಗು ಉಪಯೋಗಕ್ಕ ಬರತೈತಿ.

ಚಪ್ಪಟಿ ಲೇಸ್ ಇದ್ರ ಅದರ ಡೊಂಕು ಎರಡು ನಮೂನಿ. ರೀಲಿನ ಸುರುಳಿ ಒಂದು, ಇನ್ನೊಂದು ಅದನ್ನ ಗುಂಡು ತೊಗಲಿನ ತುಂಡಿನಿಂದ ಸುತ್ತ ಸುತ್ತ ಕತ್ತರಿಸಿದ್ದಕ್ಕ ಬಂದ ಅಡ್ಡ ಬಾಗು, ಟೇಬಲ್ ಮ್ಯಾಲ ಇಟ್ರ ಕುಡಗೋಲಿನಂಗ ಕಾಣತೈತಿ. ಎರಡನೇದ್ದು ಬರೇ ತೂಗ ಹಾಕಿದ್ರ ಪೂರಾ ಹೋಗಂಗಿಲ್ಲ. ಅದಕ್ಕ ತೇವ ಮಾಡಿ, ಕಟಗಿ ಹಲಗಿ ಮ್ಯಾಲ ಸ್ಕೇಲಿನ ಮಗ್ಗಲಕ್ಕ ಇಟ್ಟು, ಒಳಗಿನ ಅಂಚನ್ನ ಜಗ್ಗಿ ಜಗ್ಗಿ ನೇರ ಮಾಡಕೊಂತ, ಗೇಣಿಗೊಂದು ಕಡೆ ಟೇಪ್ ಹಚ್ಚಿ, ಮ್ಯಾಲ ಇನ್ನೊಂದು ಹಲಗಿ ಇಟ್ಟು ಪುಸ್ತಕದ ಭಾರ ಹೇರಿ ಒಣಗಸಬೇಕು. ತುದಿಗೆ ಅಷ್ಟ ಟೇಪ್ ಹಚ್ಚಿ ನಿಂತ್ರ ಇನ್ನೂ ಪಾಡ, ಯಾಕಂದ್ರ ಕೆಲವು ಟೇಪ್ ತಗಿಯೋವಾಗ ಮ್ಯಾಲಿನ ಬಣ್ಣಾನೂ ಎಬ್ಬಸತಾವ.

ಉಗಿ, ಇಸ್ತ್ರಿ ಬಗ್ಗೆ ಕೇಳೋರು ಭಾಳ. ಇಡ್ಲಿ ಪಾತ್ರಿ ಉಗಿ ಹಿಡೀಬಹುದು, ಆದ್ರ ಒಂದು ಗೇಣು ದೂರ, ಕೈ ನಿಲ್ಲಸದಂಗ ಹಿಂದ ಮುಂದ ಆಡಿಸಿಕೊಂತ, ಹತ್ತು ಸೆಕೆಂಡಿನ್ಯಾಗ ಮುಗಸಬೇಕು. ನಿಮ್ಮ ಕೈಗೆ ಚುರು ಅಂದ್ರ ತೊಗಲಿಗೂ ಜಾಸ್ತಿ ಆತಂತನ ತಿಳೀರಿ. ಕುಕ್ಕರಿನ ಸೀಟಿ ಉಗಿ ಬಿಲ್ಕುಲ್ ಬ್ಯಾಡ. ಇಸ್ತ್ರಿ ಒಣ ಚಪ್ಪಟಿ ಲೇಸಿಗೆ ಅಷ್ಟ, ನಡುವ ದಪ್ಪ ಹತ್ತಿ ಅರಿವಿ ಹಾಕಿ, ಎಲ್ಲಕ್ಕಿಂತ ಕಮ್ಮಿ ಬಿಸಿಗೆ ಇಟ್ಟು, ಎರಡೆರಡು ಸೆಕೆಂಡ್. ಗುಂಡು ಕಾರ್ಡಿಗೆ ಇಸ್ತ್ರಿ ಹಾಕಿದ್ರ ಅದು ಗುಂಡ ಉಳಿಯಂಗಿಲ್ಲ. ಕೂದಲ ನೆಟ್ಟಗ ಮಾಡೋ ಸ್ಟ್ರೇಟನರ್ ಹಚ್ಚೋದು ನಾ ಒಪ್ಪಂಗಿಲ್ಲ, ಬಹಳ ಸ್ಟ್ರೇಟನರಿನಾಗ ಕಮ್ಮಿ ಬಿಸಿನ 100 ಡಿಗ್ರಿಗಿಂತ ಮ್ಯಾಲ ಇರತೈತಿ. ಬೆಂಕಿ ಮ್ಯಾಲ ಹಿಡಿಯೋದಂತೂ ಕೇಳಬ್ಯಾಡ್ರಿ. ನಮ್ಮ ಬಾಗಲಕೋಟಿ ಹೋಳಿ ನೋಡಿದವರಿಗೆ ಗೊತ್ತಿರತೈತಿ, ತೊಗಲಿನ ಹಲಗಿ ಬಾರಿಸೋಕಿಂತ ಮೊದಲ ಬೆಂಕಿಗೆ ಕಾಯಸತಾರ, ತೇವ ಹೋಗಿ ತೊಗಲು ಬಿಗೀತೈತಿ, ಆಮ್ಯಾಲ ಖಣ ಖಣ ಅಂತೈತಿ. ಹಲಗಿಗೆ ಆ ಬಿಗಿ ಬೇಕು, ಕಾರ್ಡಿಗೆ ಬ್ಯಾಡ, ಕಾರ್ಡಿಗೆ ಬೇಕಾದ್ದು ಮೆತ್ತಗ ಇಳಿಬೀಳೋ ಗುಣ.

ಕ್ರೋಮ್ ಟ್ಯಾನ್ ಕಾರ್ಡ್ ನೀರು ಅಷ್ಟು ಕುಡಿಯಂಗಿಲ್ಲ, ಆಕಾರಾನೂ ಅಷ್ಟು ಹಿಡಿಯಂಗಿಲ್ಲ. ಅದಕ್ಕ ತೇವ ಸ್ವಲ್ಪ, ಹೇರ್ ಡ್ರೈಯರಿನ ಕಮ್ಮಿ ಬಿಸಿ ಗಾಳಿ ಸ್ವಲ್ಪ ತೋರಿಸಿ ಅದ ಭಾರ ಕಟ್ಟಿ ಎರಡ ಮೂರು ದಿನ ಬಿಡ್ರಿ. ಪೂರಾ ಕಡ್ಡಿ ಹಂಗ ನೆಟ್ಟಗ ಆಗದಿದ್ರೂ ಪೆಂಡೆಂಟಿನ ತೂಕಕ್ಕ ಸರಿಯಾಗಿ ಇಳಿತೈತಿ. ಪಿಯು, ಪ್ಲಾಸ್ಟಿಕ್ಕಿನ ಲೆಕ್ಕ ಇದಕ್ಕ ಪೂರಾ ಉಲ್ಟಾ, ಅದು ಬಿಸಿಗೆ ಮೆತ್ತಗಾಗಿ ತಣ್ಣಗಾದ ಮ್ಯಾಲ ಆಕಾರ ಹಿಡಿತೈತಿ. ಸ್ನಾನದ ಬಿಸಿನೀರಾಗ ಒಂದೆರಡು ನಿಮಿಷ ಇಟ್ಟು, ತಗದು ಒರಸಿ, ನೆಟ್ಟಗ ಹಿಡದು ಆರಿಸಿದ್ರ ಮುಗೀತು.

ತೊಗಲು ಒಣಗಿದ ಮ್ಯಾಲ ಸ್ವಲ್ಪ ಬಿರಸು ಅನಸತೈತಿ, ನೀರು ಹೋಗೋವಾಗ ಒಳಗಿನ ಜಿಡ್ಡೂ ಒಂದೀಟು ಸರದಿರತೈತಿ. ಲೆದರ್ ಕಂಡೀಶನರ್ ಇಲ್ಲಾ ಬಣ್ಣ ಇಲ್ಲದ ಶೂ ಕ್ರೀಮ್ ಬೆರಳ ತುದಿಯಷ್ಟು ಅರಿವಿಗೆ ಹಚ್ಚಿ ಒಮ್ಮಿ ಸವರಿ, ತಾಸು ಬಿಟ್ಟು ಒಣ ಅರಿವಿಲೆ ಒರಸ್ರಿ. ಮನ್ಯಾಗ ಕುಸುಬಿ ಎಣ್ಣಿ ಐತಲ್ಲ ಅಂತ ಅದನ್ನ ಹಚ್ಚಬ್ಯಾಡ್ರಿ, ಕುಸುಬಿ ಎಣ್ಣಿ ಗಾಳಿಗೆ ಇಟ್ರ ಸಾವಕಾಶ ಅಂಟಂಟ ಆಗಿ ಗಟ್ಟಿ ಆಗೋ ಜಾತಿದು, ಕಾರ್ಡಿಗೆ ಧೂಳು ಹಿಡಿತೈತಿ. ಕೊಬ್ಬರಿ ಎಣ್ಣಿ ಒಂದು ಹನಿ ನಡೀತೈತಿ, ಆದ್ರ ಬಣ್ಣ ಕಡು ಆಗತೈತಿ, ಖಣಕ್ಕ ಜಿಡ್ಡು ಇಳಿಯೋ ಅಂಜಿಕಿನೂ ಐತಿ, ಹಂಗಾಗಿ ನಾ ಚಂಚಿ ಕಾರ್ಡಿಗೆ ಹಚ್ಚಂಗಿಲ್ಲ.

ಇನ್ನ ಇಡೋದು. ನೆಟ್ಟಗ ಮಾಡಿದ್ದನ್ನ ತಿರಗಿ ಸಣ್ಣ ರೀಲಿಗೆ ಸುತ್ತಿದ್ರ ತಿಂಗಳೊಪ್ಪತ್ತಿನ್ಯಾಗ ಮತ್ತ ಅದ ಸುರುಳಿ. ನಾ ಕರೆಂಟ್ ವೈರಿಂಗಿಗೆ ಹಾಕೋ ಪಿವಿಸಿ ಪೈಪ್ ಒಂದು ತಗೊಂಡು ಮೀಟರ್ ಮೀಟರಿನ ತುಂಡ ಮಾಡಿಸಿ, ಅದರಾಗ ಕಾರ್ಡ್ ಉದ್ದಕ ಇಳಿಬಿಟ್ಟು ಮೂಲ್ಯಾಗ ನಿಲ್ಲಸತೇನಿ, ಎರಡೂ ಬಾಯಿ ತೆರದ ಇರತಾವ, ಗಾಳಿ ಆಡತೈತಿ. ಉದ್ದ ಕಾರ್ಡ್ ಕತ್ತರಿಸದ ಹಂಗ ಇಡಬೇಕಂದ್ರ ಊಟದ ತಾಟಿನಷ್ಟು ಅಗಲ ಸುತ್ತು ಮಾಡಿ ಗ್ವಾಡಿ ಮ್ಯಾಲಿನ ಕಟಗಿ ಗೂಟಕ್ಕ ಹಾಕ್ರಿ, ಅದರ ಬಾಗು ಎಷ್ಟು ಸಣ್ಣದಿರತೈತಿ ಅಂದ್ರ ಬಳಸೋ ಹಿಂದಿನ ರಾತ್ರಿ ಕಾರ್ಡಿಗೆ ನೀರು ಹಚ್ಚದನ ಬರೇ ಭಾರದ ಬಾಟಲಿ ಕಟ್ಟಿ ಬಿಟ್ರ ಮುಂಜಾನಿಗೆ ನೆಟ್ಟಗ ಆಗಿರತೈತಿ. ಮಳಿಗಾಲದಾಗ ಪ್ಲಾಸ್ಟಿಕ್ ಚೀಲದಾಗ ಗಂಟು ಕಟ್ಟಿ ಇಡಬ್ಯಾಡ್ರಿ, ಹಳೇ ದೋತರದ ಚೂರಿನ್ಯಾಗ ಸುತ್ತಿ ಇಡ್ರಿ.